ನಾಲ್ಕು ಡಿಗ್ರಿ ಪಾಠ: ಗುಡವಿ ಕೆರೆಯ ತಕರಾರು

ಸೊರಬ ತಾಲ್ಲೂಕಿನ ಗುಡವಿಗೆ ಹೋದವರು ಬಿಳಿ ಕೆಂಬರಲಿನ ಫೋಟೊ ತೆಗೆದು, ನೀರುಕಾಗೆ ಎಣಿಸಿ, ಮಂಡಕ್ಕಿ ತಿಂದು ವಾಪಸಾಗುತ್ತಾರೆ. ಹಕ್ಕಿಗಳನ್ನು ಹೊತ್ತು ನಿಂತ ಕೆರೆಯನ್ನು ಮಾತಾಡಿಸಿದವರಿಲ್ಲ. ನಾವು ಮಾತಾಡಿಸಿದೆವು. ಹೀಗೆ ಬೈಸಿಕೊಳ್ಳುತ್ತೇವೆಂದು ಗೊತ್ತಿರಲಿಲ್ಲ.

ಪ್ರಶ್ನೆ: ಕೆರೆಯಮ್ಮಾ, ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದಂತೆ. ನಿಮ್ಮ ಅನುಭವ?

ಕೆರೆ: ಎಂಥ ಅನುಭವ ತಮ್ಮಾ? ಮಾಘದ ಚಳಿಯಲ್ಲೂ ನಾನು 4 ಡಿಗ್ರಿಯ ಮುಖ ಕಂಡವಳಲ್ಲ. ದಂಡೆ ಮೇಲೆ ಓಡಾಡೋ ಹುಡುಗರು ಮಾತ್ರ ವರ್ಷವರ್ಷ ಅದನ್ನೇ ಉರು ಹೊಡೀತಾರೆ. ಮೇಲೆ ಮಂಜುಗಡ್ಡೆ, ಅಡಿಯಲ್ಲಿ 4 ಡಿಗ್ರಿ ನೀರು, ಅದರಲ್ಲಿ ಮೀನು ಕ್ಷೇಮ. ಯಾರ ಮನೆ ಮೀನು ಅದು? ನನ್ನ ಮೀನಿನ ಕ್ಷೇಮ ವಿಚಾರಿಸಿದವರು ಯಾರು?

ಪ್ರಶ್ನೆ: ಪಾಠ ಸುಳ್ಳಾ ಹಾಗಾದರೆ?

ಕೆರೆ: ಸುಳ್ಳು ಅಂದೆನಾ? 1805ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಚಾರ್ಲ್ಸ್ ಹೋಪ್ ಪ್ರಯೋಗ ಮಾಡಿ ತೋರಿಸಿದ್ದು. ಅವನ ಊರಿನ ಸರೋವರ ಹೆಪ್ಪುಗಟ್ಟುತ್ತೆ, ಅವನಿಗೆ ಆ ಚಿಂತೆ. ಅದಕ್ಕೂ ಮೊದಲೇ, 1799ರಲ್ಲಿ, ಪ್ಯಾರಿಸ್ಸಿನವರು 4 ಡಿಗ್ರಿಯ ಒಂದು ಲೀಟರ್ ನೀರಿನ ತೂಕವನ್ನೇ ಕಿಲೋ ಅಂತ ಇಟ್ಟುಕೊಂಡರು. ಆ ಅಳತೆ ಹಿಡಿದರೆ ನನ್ನ ಒಂದು ಲೀಟರ್ ಯಾವತ್ತೂ ಒಂದು ಕಿಲೋ ತೂಗಿದ್ದಿಲ್ಲ. ತೂಕದಲ್ಲಿ ಮೋಸ ಅಂತ ನನ್ನ ಮೇಲೆ ಕೇಸು ಹಾಕದೆ ಇದ್ದದ್ದೇ ಪುಣ್ಯ!

ಪ್ರಶ್ನೆ: ಬಿಸಿಯೂರಿನ ಕೆರೆಗೆ ಸಾಂದ್ರತೆಯ ಗೊಡವೆಯೇ ಇಲ್ಲ ಅನ್ನಿ.

ಕೆರೆ: ಅಲ್ಲೇ ನೀವೆಲ್ಲ ಎಡವೋದು. ಲೆಕ್ಕ ಬರ್ಕೋ. ಸಾವಿರ ಲೀಟರ್ ನೀರನ್ನು 4ರಿಂದ 9 ಡಿಗ್ರಿಗೆ ಏರಿಸಿದರೆ ಅಷ್ಟೇ ಜಾಗದ ನೀರು ಹಗುರಾಗೋದು ಸುಮಾರು 190 ಗ್ರಾಂ. 25ರಿಂದ 30ಕ್ಕೆ ಏರಿಸಿ ನೋಡು, ಸುಮಾರು 1,400 ಗ್ರಾಂ! ಅವೇ ಐದು ಡಿಗ್ರಿ, ಏಳು ಪಟ್ಟು ವ್ಯತ್ಯಾಸ. ಬಿಸಿಯಾದಷ್ಟೂ ಒಂದೊಂದು ಡಿಗ್ರಿಗೂ ಬೆಲೆ ಜಾಸ್ತಿ. ಆ ಹೋಪನ ಸರೋವರಕ್ಕಿಂತ ನನ್ನ ಮೈಯಲ್ಲೇ ಈ ಆಟ ಜೋರು.

ಪ್ರಶ್ನೆ: ಆಟ ಅಂದರೆ?

ಕೆರೆ: ನಿಮ್ಮ ಬಚ್ಚಲ ಹಂಡೆಗೆ ಬೆಂಕಿ ಕೆಳಗೆ. ಕಾದ ನೀರು ಮೇಲೇರಿ, ತಣ್ಣನೆಯದು ಕೆಳಗಿಳಿದು, ತಾನೇ ಕಲಸಿಕೊಳ್ಳುತ್ತೆ. ನನಗೆ ಸೂರ್ಯನ ಬೆಂಕಿ ನೆತ್ತಿ ಮೇಲೆ. ಮೇಲಿನ ನೀರು ಕಾದು, ಹಗುರಾಗಿ, ಮೇಲೇ ಕೂರುತ್ತೆ. ಗಾಳಿ ಬೀಸದ ಮಧ್ಯಾಹ್ನ ಅದಕ್ಕೂ ತಳದ ನೀರಿಗೂ ಮಾತುಕತೆ ಬಂದ್. ನಿಮ್ಮ ತಾಲ್ಲೂಕು ಕಚೇರಿ ಮೇಲ್ಮಹಡಿಗೂ ಕೆಳಮಹಡಿಗೂ ಇರೋ ಸಂಬಂಧ ಅಂದ್ಕೋ. ರಾತ್ರಿ ಮೇಲ್ಪದರ ತಣಿದರೆ ಭಾರವಾಗಿ ಇಳಿಯುತ್ತೆ, ಉಸಿರಾಡೋ ಗಾಳಿಯನ್ನೂ ಜೊತೆಗೆ ಒಯ್ಯುತ್ತೆ. ರಾತ್ರಿಯೂ ಸೆಕೆ ಅಂದರೆ ತಳದವರಿಗೆ ಉಪವಾಸ. ಮರದ ಮೇಲಿಂದ ಹಕ್ಕಿಗಳ ಹಿಕ್ಕೆ ಬೇರೆ ಬೀಳುತ್ತಲ್ಲ, ಅದು ಕೊಳೆಯೋದಕ್ಕೂ ಅದೇ ಆಮ್ಲಜನಕ ಬೇಕು.

ಪ್ರಶ್ನೆ: ಮಳೆ ಬಂದರೆ ಸರಿಹೋಗುತ್ತಲ್ಲ?

ಕೆರೆ: ಮಳೆಯೇ ಕೆಲವು ಸಲ ಕಂಟಕ. ಬಿಸಿಲಿನ ಬೆನ್ನಿಗೆ ತಣ್ಣನೆ ಮಳೆ ಧೋ ಅಂತ ಸುರಿದರೆ ಮೇಲಿನದು ಒಮ್ಮೆಗೇ ಭಾರವಾಗಿ ಕೆಳಗೆ ಧುಮುಕುತ್ತೆ, ತಳದ ಉಸಿರಿಲ್ಲದ ನೀರು ಮೇಲೆ ಬರುತ್ತೆ. ಆಗ ಮೀನು ಬಾಯಿ ಬಿಟ್ಟುಕೊಂಡು ತೇಲುತ್ತವೆ. ಬೆಳ್ಳಕ್ಕಿಗಳಿಗೆ ಹಬ್ಬ. ಪ್ರವಾಸಿಗರು "ಆಹಾ, ಎಂಥ ದೃಶ್ಯ" ಅಂತ ರೀಲ್ಸ್ ಮಾಡ್ತಾರೆ.

ಪ್ರಶ್ನೆ: ಇದನ್ನು ಯಾರೂ ಅಳೆಯುವುದಿಲ್ಲವೇ?

ಕೆರೆ: ಪೆಟ್ರೋಲ್ ಬಂಕಿಗೆ ಹೋಗು. 15 ಡಿಗ್ರಿಗೆ ಲೆಕ್ಕಹಾಕಿದ ಸಾಂದ್ರತೆ ಬರೆದಿಟ್ಟಿರ್ತಾರೆ, ಕೇಳಿದರೆ ತೋರಿಸಬೇಕು. ನನ್ನ ದಂಡೆಗೆ ಬರೋರ ಕೈಯಲ್ಲಿ ದುರ್ಬೀನು ಕಂಡಿದ್ದೀನಿ. ದಾರಕ್ಕೆ ಥರ್ಮಾಮೀಟರ್ ಕಟ್ಟಿ ಮೇಲೊಂದು ಸಲ, ತಳಕ್ಕೊಂದು ಸಲ ಇಳಿಸಿದರೆ ಸಾಕು, ಶಾಲೆ ಮಕ್ಕಳೇ ಮಾಡಬಹುದು. ಆದರೆ ಅದು ಸಿಲಬಸ್ಸಿನಲ್ಲಿಲ್ಲವಂತೆ.

ಪ್ರಶ್ನೆ: ಹಾಗಾದರೆ ಮಕ್ಕಳಿಗೆ ನಿಮ್ಮ ಈ ಮಾತನ್ನೇ ಬರೆಯಲು ಹೇಳೋಣವೇ?

ಕೆರೆ: ಬೇಡ ಬೇಡ! ಪರೀಕ್ಷೆಯಲ್ಲಿ ಮಂಜುಗಡ್ಡೆ, 4 ಡಿಗ್ರಿ ಅಂತಲೇ ಬರೀಲಿ. ಎರಡು ಮಾರ್ಕು ಸುಮ್ಮನೆ ಯಾಕೆ ಕಳ್ಕೋಬೇಕು?