ಏಸಿ ಹಾಲ್‌ನಲ್ಲಿ ಸಮುದಾಯ

(ಮುಂಬಯಿಯ ಭಾಂಡುಪ್ ಸ್ಟೇಷನ್ ಪಶ್ಚಿಮಕ್ಕೊಂದು ಉಡುಪಿ ಹೋಟೆಲು. ಕನ್ನಡ ಮಾಧ್ಯಮದ ಇಬ್ಬರು ಪ್ರಾಥಮಿಕ ಶಿಕ್ಷಕರು, ಎರಡು ಕಟಿಂಗ್ ಚಹಾ.)

ಟೀಚರ್: ತರಬೇತಿ ಹ್ಯಾಗಾಯ್ತು ಮಾಸ್ತರ್ರೇ?

ಮಾಸ್ತರ: ಜೋರು! 'ಸಮುದಾಯ ಆಧಾರಿತ ಆರೋಗ್ಯ, ದೈಹಿಕ ಶಿಕ್ಷಣ, ಸಮಾಜ ವಿಜ್ಞಾನ'. ಏಸಿ ಹಾಲ್‌ನಲ್ಲಿ.

ಟೀಚರ್: ಸಮುದಾಯ ಬಂದಿತ್ತಾ?

ಮಾಸ್ತರ: ಎರಡನೇ ಸ್ಲೈಡಿನಲ್ಲಿ. ನಗ್ತಾ ನಿಂತಿತ್ತು.

ಟೀಚರ್: ದೈಹಿಕ ಶಿಕ್ಷಣ?

ಮಾಸ್ತರ: ದಿನವಿಡೀ ಕುರ್ಚಿಯಲ್ಲಿ ಕೂತು ವ್ಯಾಯಾಮದ ಮಹತ್ವ ಕೇಳಿದೆವು. ಸೊಂಟ ಹಿಡೀತು, ಅದೇ ಪ್ರಾಕ್ಟಿಕಲ್.

ಟೀಚರ್: ನಮ್ಮ ಮಕ್ಕಳು ಇಲ್ಲಿನ ಹನುಮಾನ್ ಟೇಕಡಿ ಗುಡ್ಡದ ಮೇಲೆ ನೀರಿನ ಕೊಡ ಹೊತ್ತೇ ಕಸರತ್ತು ಮುಗಿಸ್ತಾವೆ ಬಿಡಿ. ಆರೋಗ್ಯ?

ಮಾಸ್ತರ: 'ಶುದ್ಧ ನೀರು ಧಾರಾಳ ಕುಡಿಯಿರಿ.'

ಟೀಚರ್: ಮುಂಬಯಿಗೆ ನೀರು ಸೋಸಿ ಕಳಿಸೋ ಭಾರೀ ಘಟಕ ಭಾಂಡುಪ್‌ನಲ್ಲೇ ಇದೆ. ಇಲ್ಲಿನ ಗುಡ್ಡಕ್ಕೆ ಮಾತ್ರ ನಳದಲ್ಲಿ ಒತ್ತಡ ಸಾಲದು. ಯಾಕೆ ಅಂತ ಕೇಳಬೇಕಿತ್ತು.

ಮಾಸ್ತರ: ಕೇಳಿದೆ. 'ಅದು ಸಮಾಜ ವಿಜ್ಞಾನ, ಊಟದ ಮೇಲೆ' ಅಂದ್ರು ಭಾಷಣ ಮಾಡಿದವರು. ಊಟದ ಮೇಲೆ ಕೇಳಿದೆ. 'ಅದು ಆರೋಗ್ಯ, ಬೆಳಗ್ಗೇನೇ ಮುಗೀತಲ್ಲ!'

ಟೀಚರ್: 2020ರ ಶಿಕ್ಷಣ ನೀತಿಯಂತೆ ವರ್ಷಕ್ಕೆ ಕನಿಷ್ಠ 50 ತಾಸು ಇಂಥ ತರಬೇತಿ ಆಗಬೇಕಂತೆ.

ಮಾಸ್ತರ: ಸಮುದಾಯ ತಿಳಿಯೋಕೆ ತರಬೇತಿ ಯಾಕೆ? ಮನೆಮನೆ ಪರಿಚಯ ನಮಗೆ ಯಾವಾಗಲೋ ಆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ನಮಗೆ ಬೇರೆ ಕೆಲಸ ಹಚ್ಚಬಾರದು ಅನ್ನುತ್ತೆ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು! ಅವಕ್ಕಾಗಿಯೇ ಮನೆಮನೆ ಅಲೆದದ್ದು.

ಟೀಚರ್: ಮತ್ತೆ ನಿಮ್ಮನ್ನೇ ಭಾಷಣಕ್ಕೆ ನಿಲ್ಲಿಸಬೇಕಿತ್ತಲ್ಲ?

ಮಾಸ್ತರ: ನಾನು ಬರೀ ಮಾಸ್ತರ. ಅವರು ತಜ್ಞರು.

(ಓದುಗರೇ, ತರಬೇತಿ ಏರ್ಪಡಿಸುವವರು ಯಾರಾದರೂ ನಿಮಗೆ ಪರಿಚಯವಿದ್ದರೆ ದಯವಿಟ್ಟು ಹೇಳಿ: ಮುಂದಿನ ಸಲ ಹಾಲ್ ಬುಕ್ ಮಾಡುವುದು ಬೇಡ. ನಳ ಬರುವ ಹೊತ್ತಿಗೆ ಟೇಕಡಿ ಹತ್ತಲಿ. ಕೊಡ ನಾವು ಕೊಡುತ್ತೇವೆ.)