ರಟ್ಟಿನ ಮೇಲೊಂದು ರಟ್ಟು

ಅಕ್ಕಲಕೋಟೆ ತಾಲೂಕಿನಲ್ಲಿ ಜೂನ್ ತಿಂಗಳು ಬಂತೆಂದರೆ ಮುಖಪುಟಗಳಿಗೆ ಮುಸುಕು ಬೀಳುವ ಕಾಲ. ಶಾಲೆಯಿಂದ ಹೊಸ ಪುಸ್ತಕ ಬಂದೊಡನೆ ಮನೆಮಂದಿಯೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ, ಮೂಸಿ ನೋಡಿ, "ಚಿತ್ರ ಭಾಳ ಚಂದ ಐತಿ" ಎಂದು ಒಪ್ಪಿಗೆ ಕೊಡುತ್ತಾರೆ. ಆಮೇಲೆ ಕತ್ತರಿ, ಹಳೆ ಪೇಪರು ತಂದು ಆ ಚಂದವನ್ನು ಮುಚ್ಚಿಬಿಡುತ್ತಾರೆ. ಈ ಕೆಲಸದಲ್ಲಿ ನಮ್ಮ ಅವ್ವನನ್ನು ಮೀರಿಸುವವರಿರಲಿಲ್ಲ.

ಪುಸ್ತಕಗಳೇನೋ ಪುಣೆಯವು. 1967ರಲ್ಲಿ ಅಲ್ಲಿ ಶುರುವಾದ ಬಾಲಭಾರತಿ ಮರಾಠಿಯ ಜೊತೆಗೆ ಕನ್ನಡ, ಉರ್ದು, ತೆಲುಗು ಮಾಧ್ಯಮಗಳಿಗೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಗಣಿತದಂಥ ವಿಷಯಗಳಿಗೆ ಸಾಮಾನ್ಯವಾಗಿ ಒಂದೇ ಚಿತ್ರ, ಹೆಸರಿನ ಲಿಪಿಯಷ್ಟೇ ಬೇರೆ. ಸೊಲ್ಲಾಪುರದ ಗಲ್ಲಿಗಳಲ್ಲಿ ಈ ನಾಲ್ಕೂ ಮಾಧ್ಯಮದ ಹುಡುಗರು ಸಿಗುತ್ತಾರೆ. ಇನ್ನೂ ರಟ್ಟು ಹಾಕದ ದಿನಗಳಲ್ಲಿ ಕಟ್ಟೆಯ ಮೇಲೆ ಪಾಟಿಚೀಲ ಒಗೆದು ಆಡಿ, ಕತ್ತಲಲ್ಲಿ ಬರೀ ಚಿತ್ರದ ಗುರುತು ಹಿಡಿದು ಪುಸ್ತಕ ಎತ್ತಿಕೊಂಡು ಹೋದವನ ಪಾಡು ಮನೆಯ ದೀಪದ ಮುಂದೆ ಗೊತ್ತಾಗುತ್ತಿತ್ತು. ಉರ್ದು ಪುಸ್ತಕವಾದರಂತೂ ನಮ್ಮ ಬೆನ್ನೇ ಅದರ ಮುಖ!

ಅವ್ವನ ರಟ್ಟಿನಲ್ಲಿ ಆ ಗೊಂದಲವಿರಲಿಲ್ಲ. ಇತಿಹಾಸಕ್ಕೆ ಸಿನೆಮಾ ಜಾಹೀರಾತು, ಭೂಗೋಳಕ್ಕೆ ಕಬ್ಬಿನ ದರದ ಸುದ್ದಿ. ವರ್ಷವಿಡೀ ಕಣ್ಣೆದುರಿಗಿದ್ದ ಆ ಸುದ್ದಿಯ ಅರ್ಧ ಭಾಗ ನನಗೆ ಪಾಠಕ್ಕಿಂತ ಚೆನ್ನಾಗಿ ಬಾಯಿಗೆ ಬಂದಿತ್ತು. ಉಳಿದರ್ಧ ತಮ್ಮನ ವಿಜ್ಞಾನದ ಮೇಲಿತ್ತು, ಅವನು ತೋರಿಸುತ್ತಿರಲಿಲ್ಲ.

ಗಣಿತಕ್ಕೆ ಮಾತ್ರ ಕ್ಯಾಲೆಂಡರಿನ ದಪ್ಪ ಹಾಳೆ. ನಮ್ಮ ಕಡೆ ಕ್ಯಾಲೆಂಡರೆಂದರೆ ಸ್ವಾಮಿ ಸಮರ್ಥರು. 1878ರಲ್ಲಿ ಅಕ್ಕಲಕೋಟೆಯಲ್ಲಿ ಸಮಾಧಿಸ್ಥರಾದವರು ಇಂದಿಗೂ ಗೋಡೆ, ರಿಕ್ಷಾ, ಅಂಗಡಿಯ ಗಲ್ಲೆಯ ಮೇಲೆ ಕೂತೇ ಇದ್ದಾರೆ. ಅವರು ಕೂತ ಪುಸ್ತಕವನ್ನು ಒಗೆಯುವ ಹಾಗಿಲ್ಲ, ತಲೆದಿಂಬು ಮಾಡುವ ಹಾಗಿಲ್ಲ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಒಮ್ಮೆ ಮಾಸ್ತರರು ಸಿಟ್ಟಿನಲ್ಲಿ ಅದರಿಂದಲೇ ನನ್ನ ತಲೆಗೆ ಬಾರಿಸಲು ಎತ್ತಿದವರು, ಚಿತ್ರ ಕಂಡು, ಕೈ ಮುಗಿದು ಕೆಳಗಿಟ್ಟು, ಪಕ್ಕದವನ ಭೂಗೋಳ ಇಸಿದುಕೊಂಡು ಬಾರಿಸಿದರು. ಅಂಜಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ ಎಂಬ ಸ್ವಾಮಿಗಳ ಅಭಯವಾಕ್ಯ ಆ ಹಾಳೆಯ ಮೇಲಿತ್ತು. ಅವ್ವ ಮಡಚಿದ ರೀತಿಗೆ ಅದು ಸರಿಯಾಗಿ ಹಿಂಬದಿಗೇ ಬಂದಿತ್ತು. ರಟ್ಟಿನ ಮೇಲೆ ಯಾವ ಅಕ್ಷರ ಎಲ್ಲಿ ಕೂರಬೇಕೆಂಬುದನ್ನು ಇಷ್ಟು ಖಚಿತವಾಗಿ ತಿಳಿದ ಕಲಾವಿದರನ್ನು ನಾನಿನ್ನೂ ಕಂಡಿಲ್ಲ.

ದೊಡ್ಡವರ ಪುಸ್ತಕಗಳ ಮಾತೇ ಬೇರೆ. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಆ. ನೇ. ಉಪಾಧ್ಯೆ ಮತ್ತು ಹೀರಾಲಾಲ ಜೈನರು ಸಂಪಾದಿಸಿದ 'ತಿಲೋಯಪಣ್ಣತ್ತಿ'ಯ ಮೊದಲ ಭಾಗ ಬಂದದ್ದು 1943ರಲ್ಲಿ. ಮೂರು ಲೋಕಗಳ ಅಳತೆ ಹೇಳುವ ಪ್ರಾಕೃತ ಗ್ರಂಥ ಅದು. ಅಂಥದನ್ನು ಯಾರೂ ಮುಖ ನೋಡಿ ಮನೆಗೆ ತರುವುದಿಲ್ಲ. ಮುಖ ನೋಡಿ ತರುವಂಥವು ಮರಾಠಿಯ ದೀಪಾವಳಿ ಅಂಕಗಳು. 1909ರಲ್ಲಿ 'ಮನೋರಂಜನ' ಮಾಸಿಕ ಹಾಕಿಕೊಟ್ಟ ಪದ್ಧತಿ. ಮುಂದೆ ದೀನಾನಾಥ ದಲಾಲ, ರಘುವೀರ ಮುಳಗಾಂವಕರರಂಥವರ ಕುಂಚ ಅವಕ್ಕೆ ಎಂಥ ಬಣ್ಣ ತಂದಿತೆಂದರೆ, ಮರಾಠಿ ಓದಲು ಬಾರದ ನಮ್ಮ ಕಾಕಾ ಕೂಡ ಸೊಲ್ಲಾಪುರದ ರದ್ದಿ ಅಂಗಡಿಗಳಲ್ಲಿ ಹಳೆಯ ಅಂಕಗಳನ್ನು ಹುಡುಕಿ ತರುತ್ತಿದ್ದರು.

"ಕಥಿ ಹ್ಯಾಂಗ ಅದಾವ ಕಾಕಾ?" ಎಂದು ಕೇಳಿದರೆ, ಮುಖಪುಟದ ಸುಂದರಿಯಿಂದ ಕಣ್ಣು ಕೀಳದೆ, "ಇನ್ನ ಒಳಗ ಹೋಗಿಲ್ಲೋ ತಮ್ಮಾ, ಬಾಗಲದಾಗ ಅದೀನಿ" ಅನ್ನುವರು. ಕರ್ನಾಟಕದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕದ ಸೊಗಸಿಗೇ ಬಹುಮಾನ ಕೊಡುತ್ತದೆ. ಗಡಿಯ ಈಚೆ ಹುಟ್ಟಿ ಕಾಕಾ ತೀರ್ಪುಗಾರರಾಗುವ ಯೋಗ ಕಳೆದುಕೊಂಡರು.

ಕಾಕುಗೆ ಈ ಬಾಗಿಲು ಕಾಯುವ ವ್ರತ ಸರಿಬರಲಿಲ್ಲ. ಮನೆಗೆ ಸುಣ್ಣ ಹಚ್ಚುವ ನೆಪ ಮಾಡಿ ರಾಶಿಯನ್ನೆಲ್ಲ ರದ್ದಿಯವನ ಮುಂದೆ ಸುರಿದರು. ಅವನು ಮುಖಪುಟಗಳನ್ನಷ್ಟೇ ಹರಿದು ಬದಿಗಿಡತೊಡಗಿದ. "ಇದು ನುಣುಪ ಕಾಗದರೀ, ಪುಡಿಕಿ ಕಟ್ಟಿದ್ರ ಶೇಂಗಾ ಜಾರತಾವ. ನನಗ ಬ್ಯಾಡ." ಕಾಕಾ ಮರುಮಾತಾಡದೆ ಆ ಕಟ್ಟನ್ನು ಎತ್ತಿಕೊಂಡು ಒಳಗೆ ನಡೆದರು. ಕಾಕು ಮಾತ್ರ, ಅವನ್ನೂ ತೂಕಕ್ಕೆ ಹಿಡಿಯಲೇಬೇಕೆಂದು ರದ್ದಿಯವನ ತಕ್ಕಡಿ ಹಿಡಿದು ನಿಂತರು.