ಪರಿಹಾರದ ಕಾಕಾ

ಇಂಡಿಯಲ್ಲಿ ಒಬ್ಬರಿದ್ದಾರೆ, ಸಿಂದಗಿಯಲ್ಲಿ ಒಬ್ಬರು. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಹಿಂದೆ ಬಿದ್ದಿಲ್ಲ. ಹೆಸರಿಗೆ ಒಂದು ಕಿರಾಣಿ ಅಂಗಡಿಯೋ ಎರಡೆಕರೆ ಲಿಂಬೆ ತೋಟವೋ ಇರುತ್ತದೆ. ಅದನ್ನು ನೋಡಿಕೊಳ್ಳುವುದು ಹೆಂಡತಿ ಮಕ್ಕಳ ಕೆಲಸ. ಇವರ ಅಸಲಿ ಉದ್ಯೋಗ ಶುರುವಾಗುವುದು ಹೊಳಿ ಉಕ್ಕಿ ಬಂದಾಗ. ರೇಷನ್ ಕಾರ್ಡಿನಲ್ಲಿ ಯಾವ ಹೆಸರೇ ಇರಲಿ, ಊರ ಬಾಯಲ್ಲಿ ಇವರು ಪರಿಹಾರದ ಕಾಕಾ.

ಭೀಮೆಯ ಹೊಳಿಗೂ ನಮ್ಮೂರ ಮಳೆಗೂ ನಂಟು ಅಷ್ಟಕ್ಕಷ್ಟೇ. ಮಳೆ ಸುರಿಯುವುದು ಪುಣೆಯಾಚೆ ಘಟ್ಟದಲ್ಲಿ, ನೀರು ನುಗ್ಗುವುದು ನಮ್ಮ ಮನೆಯಲ್ಲಿ. ಇಂಡಿ ಪೇಟೆಯಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ದಂಡೆಯ ಊರುಗಳಲ್ಲಿ ಜನ ಗಂಟುಮೂಟೆ ಕಟ್ಟುತ್ತಿರುತ್ತಾರೆ. ಹಾಗಾಗಿ ಕಾಕಾ ಮುಗಿಲು ನೋಡುವುದಿಲ್ಲ, ಮೊಬೈಲು ನೋಡುತ್ತಾರೆ. ಉಜನಿಯಿಂದ ಎಷ್ಟು ಕ್ಯುಸೆಕ್ ಬಿಟ್ಟರು, ವೀರ್ ಡ್ಯಾಮಿನಿಂದ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ಅಷ್ಟಕ್ಕೇ ಸಮಾಧಾನವಿಲ್ಲ. ಲಿಂಬೆ ಹೇರಿಕೊಂಡು ಹೋದ ಲಾರಿ ಡ್ರೈವರನಿಗೆ ಫೋನು ಹಚ್ಚುತ್ತಾರೆ: "ತಮ್ಮಾ, ಪಂಢರಪುರದಾಗ ಪುಂಡಲೀಕನ ಗುಡಿ ಕಾಣಸ್ತೈತೋ, ಮುಳುಗೈತೋ?" ಮುಳುಗಿದೆ ಎಂದರೆ ಸಾಕು, ಬೆರಳು ಮಡಿಚಿ ಎಣಿಸಿ ಧೂಳಖೇಡಕ್ಕೆ ನೀರು ಬರುವ ಹೊತ್ತನ್ನು ಘೋಷಿಸುತ್ತಾರೆ. ತಹಸೀಲ್ದಾರರ ಡಂಗುರ ಆಮೇಲೆ.

ಕೃಷ್ಣೆಯ ಕಡೆಯ ಕಾಕಾಗಳ ಲೆಕ್ಕ ಬೇರೆ. ಬಾಗೇವಾಡಿಯವರಿಗೆ ಮಗನ ಎಸ್ಸೆಸ್ಸೆಲ್ಸಿ ಅಂಕ ಮರೆತಿರಬಹುದು, ಆಲಮಟ್ಟಿ ಡ್ಯಾಮ್ ತುಂಬುವ 519.60 ಮೀಟರ್, 123 ಟಿಎಂಸಿ ಮರೆತಿಲ್ಲ. ಮುದ್ದೇಬಿಹಾಳದವರಿಗೆ ಮೇಲಾಗಿ ಡೋಣಿ ಹೊಳಿಯ ಕಾಟ. ತಾಳಿಕೋಟೆ ಹತ್ತಿರ ಹಡಗಿನಾಳದ ಕೆಳಸೇತುವೆ ಮುಳುಗಿತೆಂದು ಅವರು ಹೇಳುವಾಗ ದನಿಯಲ್ಲಿ ದುಃಖ ಎಷ್ಟು, ಉಮೇದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕಾಕಾನ ಆಸ್ತಿ ಒಂದು ಬ್ಯಾನರ್. 2009ರ ನೆರೆಯಲ್ಲಿ ಮಾಡಿಸಿದ್ದು. 2019ರಲ್ಲಿ ಇಸವಿಯ ಮೇಲೊಂದು ಚೀಟಿ ಅಂಟಿತು, ಮರುವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅದರ ಮೇಲೆ ಇನ್ನೊಂದು. 'ಸಂತ್ರಸ್ತರಿಗೆ ನೆರವು' ಎಂಬ ಅಕ್ಷರ ಮಾಸಿದೆ, ಕೆಳಗಿನ ಕಾಕಾನ ಫೋಟೋಕ್ಕೆ ಮಾತ್ರ ಪ್ರತಿಸಲವೂ ಹೊಸ ಪ್ರಿಂಟು.

ಬ್ಯಾನರ್ ಕಟ್ಟಿದ ಟಂಟಂ ಓಣಿಗೆ ಬಂತೆಂದರೆ ರೊಟ್ಟಿ ವಸೂಲಿ. ಇಲ್ಲಿ ಕಾಕಾ ಬಲು ಕಟ್ಟುನಿಟ್ಟು. ಕೊಟ್ಟ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಾರಿಸುತ್ತಾರೆ. ಟಣ್ ಎಂದರೆ ಚೀಲಕ್ಕೆ, ಇಲ್ಲದಿದ್ದರೆ ವಾಪಸ್ಸು. "ಮೆತ್ತನ ರೊಟ್ಟಿ ಬ್ಯಾಡ ತಂಗೀ, ನಾಕ ದಿನಕ್ಕ ಬೂಷ್ಟ ಹಿಡೀತೈತಿ. ಕಡಕ್ ಇದ್ರ ಕೊಡು. ಜೋಡಿ ಶೇಂಗಾ ಹಿಂಡಿ ಇದ್ರ ಇನ್ನೂ ಚಲೋ." ಬಿಸಿ ರೊಟ್ಟಿ ತಂದವಳು ಮುಖ ಊದಿಸಿಕೊಂಡು ಒಳಗೆ ಹೋಗುತ್ತಾಳೆ. ಆದರೆ ಕಾಕಾ ಹೇಳಿದ್ದು ಖರೆ: ಒಲೆ ನೀರಲ್ಲಿ ಮುಳುಗಿದವರಿಗೆ ಬೇಕಾದದ್ದು ಬೇಯಿಸದೆ, ಬಿಸಿ ಮಾಡದೆ, ಹಳಸದೆ ವಾರಗಟ್ಟಲೆ ಉಳಿಯುವ ಅನ್ನ. ಅದನ್ನು ನಮ್ಮ ಅಜ್ಜಿಯರು ಎಂದೋ ಕಂಡುಹಿಡಿದಿದ್ದಾರೆ.

ದೊಡ್ಡ ಊರಿನಿಂದ ಬರುವ ಲಾರಿಯ ಕಥೆ ಹೀಗಲ್ಲ. ಗಂಟು ಬಿಚ್ಚಿದರೆ ಕೋಟು, ಟೈ, ಎತ್ತರ ಹಿಮ್ಮಡಿಯ ಒಂಟಿ ಚಪ್ಪಲಿ. ಜೊತೆಗೆ ಬಂದ ಹುಡುಗರ ಕೈಯಲ್ಲಿ ಮೂರು ಪುಟದ ಫಾರ್ಮು. "ಎಷ್ಟು ಕುಟುಂಬಗಳು ಸರ್?" ಎಂದು ಕೇಳುತ್ತಾರೆ. ಕಾಕಾ ಜೇಬಿನಿಂದ ಹಳೆಯ ಲಗ್ನಪತ್ರಿಕೆ ತೆಗೆಯುತ್ತಾರೆ. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಊರೇ ಇದೆ: ಗುಡಿ ಹಿಂದಿನ ಮುದುಕಿಗೆ ಸಕ್ಕರೆ ಕಾಯಿಲೆ, ಗುಳಿಗೆ ಮುಗಿದಿದೆ, ಅಗಸಿ ಮನೆಯ ಸೊಸೆಗೆ ಎಂಟು ತಿಂಗಳು, ಕಡೆಯ ಮನೆಯವನು ಎರಡು ಎಮ್ಮೆ ಬಿಟ್ಟು ದೋಣಿ ಹತ್ತುವುದಿಲ್ಲ, ಮೊದಲು ಎಮ್ಮೆಗೆ ಮೇವಿನ ದಾರಿ ನೋಡಬೇಕು, ಅಣ್ಣತಮ್ಮಂದಿರಿಬ್ಬರಿಗೆ ಮಾತಿಲ್ಲ, ಶಾಲೆಯ ಒಂದೇ ಖೋಲಿಯಲ್ಲಿ ಇಡಬಾರದು.

ವರ್ಷವೆಲ್ಲ ಕಂಡವರ ಮನೆ ಸುದ್ದಿಯಲ್ಲಿ ಮೂಗು ತೂರಿಸುತ್ತಾನೆಂದು ಊರು ಬೈಯುತ್ತಿದ್ದ ಅದೇ ಮೂಗು ಇದು. ಹೊಳಿ ಬಂದ ಎಂಟು ದಿನ ಕಾಳಜಿ ಕೇಂದ್ರ ನಡೆಯುವುದು ಅದರ ಆಸರೆಯಲ್ಲೇ. ಆಸರೆ ಎಂದರೆ ನೆನಪಾಯಿತು: 2009ರ ನಂತರ ಸರ್ಕಾರ ಆ ಹೆಸರಿನಲ್ಲೇ ಮನೆ ಕಟ್ಟಿಸಿತ್ತು. ಯಾರು ಅಲ್ಲಿಗೆ ಹೋದರು, ಯಾರು ಅದರಲ್ಲಿ ಕಣಿಕೆ ತುಂಬಿ ಮತ್ತೆ ಹೊಳಿದಂಡೆಗೇ ಬಂದರು ಎಂಬುದೂ ಲಗ್ನಪತ್ರಿಕೆಯ ಮೂಲೆಯಲ್ಲಿದೆ.

ಹಾಗೆಂದು ಸಂತ್ರಸ್ತರು ಕಾಕಾಗೆ ಕೈಮುಗಿದು ನಿಲ್ಲುತ್ತಾರೆಂದೇನಲ್ಲ. ಕಾಳಜಿ ಕೇಂದ್ರದಲ್ಲಿ ಕಾಕಾ ಫೋಟೋದವನನ್ನು ಹತ್ತಿರ ಕರೆದು, ನಗುಮುಖ ಮಾಡಿ ರೊಟ್ಟಿ ಕೊಟ್ಟರೆ, ಗುಡಿ ಹಿಂದಿನ ಆ ಮುದುಕಿ ಅದನ್ನು ತಿರುವಿ ಮುರುವಿ ನೋಡಿದಳು.

"ಇದು ನಿಮ್ಮ ಮನೀದ ಹೌದಲ್ಲೋ? ದಂಡಿ ದಪ್ಪ ಆಗೈತಿ. ಇನ್ನಷ್ಟ ತೆಳ್ಳಗ ಬಡಿ ಅಂತ ನಿನ್ನ ಹೇಣ್ತಿಗಿ ಹೇಳು."

ಕಾಕಾ ತುಂಬಿದ ಹೊಳಿಯಲ್ಲಿ ರಬ್ಬರ್ ದೋಣಿ ಹತ್ತಿದವರು. ಎಮ್ಮೆ ಬಾಲ ಹಿಡಿದು ಈಜಿದವರು. ಆದರೂ ಈ ಸಂದೇಶವನ್ನು ಇನ್ನೂ ಮನೆಗೆ ಮುಟ್ಟಿಸಿಲ್ಲ.